ಅವಳ ಡಿಶ್ಶಿನಲ್ಲಿ ಅರಳುತ್ತಿದ್ದ ಕುರಿಯ ಅಂಡಾಣುಗಳು

ಅವಳು ಸಂಶೋಧನೆಗೆಂದು ನಮ್ಮ ಲ್ಯಾಬಿಗೆ ಬರುವ ತನಕ ಅಲ್ಲಿ ಕೈ ಪಳಗಿದವಳು ಅಂದರೆ ನಾನೇ. ಪ್ಲಾಸ್ಟಿಕ್ಕಿನಿಂದ, ಬೆಳೆಗೆ ಹೊಡೆಯುವ ಔಷಧಿಯಿಂದ ಮೈಗೆ ಸೇರುವ ರಾಸಾಯನಿಕಗಳು ಹೆಣ್ಣಿಗೆ ಗರ್ಭ ನಿಲ್ಲುವುದಕ್ಕೆ ಹೇಗೆ ಅಡ್ಡಿಯಾಗುತ್ತವೆ ಎಂದು ನೋಡುವುದು ನಮ್ಮ ಕೆಲಸ. ಹೆಂಗಸರ ಅಂಡಾಣು ಬೇಕೆಂದಾಗ ಸಿಗುವ ವಸ್ತುವಲ್ಲ. ಅದಕ್ಕೇ ಕುರಿಯವು. ಶಿವಾಜಿನಗರದ ಆಚೆಯ ಕಸಾಯಿಖಾನೆಯಲ್ಲಿ ಹೇಗೂ ಎಸೆಯುವ ಅಂಡಾಶಯಗಳನ್ನು ಬೆಚ್ಚಗಿನ ಉಪ್ಪುನೀರಿನ ಫ್ಲಾಸ್ಕಿಗೆ ಹಾಕಿಕೊಂಡು, ಆಟೋ ಹಿಡಿದು, ಕೆ.ಆರ್. ಪುರದ ಲ್ಯಾಬಿಗೆ ತರುತ್ತಿದ್ದೆವು. ಜೋಗುಪಾಳ್ಯದಲ್ಲಿ ನನಗೆ ರೂಮು ಬಾಡಿಗೆಗೆ ಕೊಟ್ಟಿದ್ದ ಆಂಟಿ, "ಕುರಿ ಎಲ್ಲಮ್ಮಾ ಮೊಟ್ಟೆ ಇಡತ್ತೆ?" ಎಂದು ನಗುತ್ತಿದ್ದರು.

ಸೂಜಿಯಿಂದ ಎಳೆದ ಅಂಡಾಣುಗಳನ್ನು ಪುಟ್ಟ ಡಿಶ್ಶಿನ ಪೋಷಕ ದ್ರವದಲ್ಲಿ ಹಾಕಿ ಇನ್‌ಕ್ಯುಬೇಟರ್ ಒಳಗೆ ಒಂದು ದಿನ ಬೆಚ್ಚಗಿಟ್ಟರೆ, ಸುತ್ತಲಿನ ಜೀವಕೋಶಗಳು ಬಿಡಿಸಿದ ಹತ್ತಿಯ ಹಾಗೆ ಅರಳುತ್ತವೆ. ಅದು ಮಾಗಿದ ಗುರುತು. ಅರ್ಧಕ್ಕೆ ರಾಸಾಯನಿಕ ಹಾಕಿ, ಇನ್ನರ್ಧವನ್ನು ಹಾಗೇ ಬಿಟ್ಟು ಹೋಲಿಸಬೇಕು. ಅವಳು ಬಂದ ಮೇಲೆ, ನಾನು ಏನೂ ಹಾಕದೆ ಬಿಟ್ಟವೂ ಕಪ್ಪಗೆ ಸುರುಟಿಕೊಳ್ಳತೊಡಗಿದವು. ಅವಳವು ಅರಳುತ್ತಿದ್ದವು.

"ಇವಳ ಡಿಶ್ ನೋಡ್ರೀ, ಎಷ್ಟು ಚೆನ್ನಾಗಿದೆ," ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಎಲ್ಲರನ್ನೂ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನಾನೂ ಬಗ್ಗಿ ನೋಡಿದೆ. ನಿಜವಾಗಲೂ ಚೆನ್ನಾಗಿದ್ದವು.

ಆಮೇಲೆ ಅವಳದೆಲ್ಲ ಕಣ್ಣಿಗೆ ಚುಚ್ಚತೊಡಗಿತು. ಮಹದೇವಪುರದ ಮನೆಯಿಂದ ಅಮ್ಮ ಕಟ್ಟಿಕೊಟ್ಟ ಬಿಸಿ ಡಬ್ಬಿ ತರುತ್ತಿದ್ದಳು. ರಾಯಚೂರಿನಿಂದ ಬಂದ ನನಗೆ ಮೂಲೆ ಅಂಗಡಿಯ ಚಿತ್ರಾನ್ನ. ಅವಳು ಅರ್ಧ ಮುದ್ದೆ ನನ್ನ ತಟ್ಟೆಗೆ ಹಾಕಿದರೆ ಅದನ್ನೂ ಹಾಗೇ ಬಿಟ್ಟು ಏಳುತ್ತಿದ್ದೆ. ಕಸಾಯಿಖಾನೆಯವರು ಒಳ್ಳೆಯ ಅಂಡಾಶಯ ಅವಳಿಗೇ ಎತ್ತಿಡುತ್ತಾರೆ ಎಂದುಕೊಂಡು ಒಂದೇ ಫ್ಲಾಸ್ಕನ್ನು ಇಬ್ಬರೂ ಹಂಚಿಕೊಳ್ಳೋಣ ಎಂದೆ. ಹಂಚಿಕೊಂಡೆವು. ಮತ್ತೆ ಅವಳವು ಅರಳಿದವು, ನನ್ನವು ಸತ್ತವು.

ನಾನು ಆ ಡಿಶ್ ಎಸೆಯಲು ಹೊರಟಾಗ ಅವಳು ಪಕ್ಕಕ್ಕೆ ಬಂದಳು.

"ನಾಳೆ ನಿನ್ ಸಾಮಾನಲ್ಲಿ ನಾನು ಮಾಡ್ತೀನಿ, ನನ್ನದ್ರಲ್ಲಿ ನೀನು ಮಾಡು."

"ನನ್ ಕೈ ಸರಿ ಇಲ್ಲ ಅಂತ ಎಲ್ರಿಗೂ ತೋರಿಸ್ಬೇಕಾ?"

"ಕೈ ಅಲ್ಲ ಕಣೇ, ಬೇರೆ ಏನೋ ಇದೆ. ಒಂದ್ಸಲ ನೋಡೋಣ."

ಒಲ್ಲದ ಮನಸ್ಸಿನಿಂದಲೇ ಒಪ್ಪಿದೆ. ಮರುದಿನ ಸಾಮಾನು ಅದಲುಬದಲು ಮಾಡಿಕೊಂಡೆವು. ಅದರ ಮಾರನೇ ದಿನ ನೋಡಿದರೆ ನಾನು ಇಟ್ಟವು ಅರಳಿದ್ದವು, ಅವಳು ಇಟ್ಟವು ಸತ್ತಿದ್ದವು. ಅವಳ ಕಪ್ಪು ಡಿಶ್ ಕಂಡು ನನಗೆ ಮೊದಲು ಆದದ್ದು ಖುಷಿ.

ಅವಳು ಮಾತ್ರ ನನ್ನ ಮೇಜಿನ ಮೇಲಿದ್ದ ಒಂದೊಂದನ್ನೂ ಎತ್ತಿ ನೋಡಿ ಕೊನೆಗೆ ಸಿರಿಂಜಿಗೆ ಬಂದಳು. ಅವಳು ಸೇರಿದ ಹೊತ್ತಿಗೇ ನಮ್ಮ ಹಳೆಯ ಸಿರಿಂಜ್ ಮುಗಿದು ಬೇರೆಯವು ಬಂದಿದ್ದವು, ಒಳಗೆ ಕಪ್ಪು ರಬ್ಬರಿನ ತುದಿ ಇರುವಂಥವು. ಅದರಲ್ಲೇ ನಾನು ಪೋಷಕ ದ್ರವ ತುಂಬಿ ಫಿಲ್ಟರಿನ ಮೂಲಕ ಒತ್ತಿ ಸೋಸುತ್ತಿದ್ದೆ. ಅವಳು ತಾನು ಮೊದಲಿದ್ದ ಲ್ಯಾಬಿನ ಅಭ್ಯಾಸದಂತೆ ರಬ್ಬರಿಲ್ಲದವನ್ನು ಬಳಸುತ್ತಿದ್ದಳು. ಮತ್ತೆ ಮತ್ತೆ ಮಾಡಿ ನೋಡಿದೆವು. ರಬ್ಬರಿನಿಂದ ಏನೋ ದ್ರವಕ್ಕಿಳಿದು ಅಂಡಾಣುಗಳನ್ನು ಕೊಲ್ಲುತ್ತಿತ್ತು. ಯಾವ ವಿಷವನ್ನು ಅಳೆಯಲು ಕೂತಿದ್ದೆನೋ ಅಂಥದ್ದನ್ನೇ ಗೊತ್ತಿಲ್ಲದೆ ಎಲ್ಲಕ್ಕೂ ಹಾಕುತ್ತಿದ್ದೆ.

ತಪ್ಪು ನನ್ನ ಕೈಯದಲ್ಲ ಎಂದು ತಿಳಿದ ದಿನ ಸಮಾಧಾನವಾಗಬೇಕಿತ್ತು. ಆದರೆ ಅದನ್ನು ಕಂಡುಹಿಡಿದವಳೂ ಅವಳೇ. "ಇಬ್ರೂ ಸೇರಿ ಮಾಡಿದ್ದು ಮೇಡಂ," ಎಂದು ಬೇರೆ ಹೇಳಿದಳು. ಆ ದೊಡ್ಡತನ ಇನ್ನೂ ಉರಿಸಿತು. ಸ್ವಲ್ಪವಾದರೂ ಜಂಬ ಪಟ್ಟಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ.

ಮೇಡಂ ಆ ರಬ್ಬರಿನ ವಿಷಯವನ್ನೇ ಹೊಸ ಕೆಲಸವಾಗಿ ಅವಳಿಗೆ ವಹಿಸಿದರು. ಆ ಸಿರಿಂಜ್ ಬಂದ ಮೇಲಿನ ನನ್ನ ಪ್ರಯೋಗಗಳೆಲ್ಲ ಲೆಕ್ಕಕ್ಕಿಲ್ಲದೆ ಮತ್ತೆ ಮೊದಲಿಂದ ಶುರುವಾದವು. ಈಗ ನನ್ನವೂ ಚೆನ್ನಾಗಿ ಅರಳುತ್ತವೆ. ಆದರೂ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ನನ್ನ ಕೈ ಮೊದಲು ಹೋಗುವುದು ಅವಳ ಡಿಶ್ಶಿಗೆ. ಮೊನ್ನೆ ಅವಳು ಹಿಂದೆಯೇ ನಿಂತಿದ್ದಳು.

"ಹೇಗಿದೆ ನಂದು?" ಎಂದಳು.

"ಚೆನ್ನಾಗಿದೆ," ಎಂದೆ.