ಒಂದು ಚರಗಿ ಪೆಟ್ರೋಲು

ಮೋಟಾರಿಗೆ ಗೋಡೆ ಗಡಿಯಾರದ ಹಾಗೆ ಕೀಲಿ ಕೊಡುತ್ತಾರೆಂದು ಮಡಿವಾಳಯ್ಯ ತನ್ನ ಇಪ್ಪತ್ತೆರಡನೆಯ ವಯಸ್ಸಿನವರೆಗೂ ನಂಬಿದ್ದ. ಅದಕ್ಕೆ ಅವನ ಹತ್ತಿರ ಆಧಾರವಿತ್ತು. ತನ್ನೂರು ಮುಧೋಳದಿಂದ ಹತ್ತಿರದ ಸೇಡಂಗೆ ಓದಲು ಹೋಗಿದ್ದಾಗ ತಹಸೀಲ ಕಚೇರಿಯ ಮುಂದೆ ಒಬ್ಬ ಡ್ರೈವರು ಮೋಟಾರಿನ ಮೂತಿಗೆ ಕಬ್ಬಿಣದ ಹಿಡಿಕೆ ಸಿಕ್ಕಿಸಿ, ಗರಗರ ತಿರುವಿ, ಬೆವರು ಒರೆಸಿಕೊಂಡು ಒಳಗೆ ಕೂತದ್ದನ್ನು ಕಣ್ಣಾರೆ ಕಂಡಿದ್ದ. ಶಾಲೆಯ ಗಡಿಯಾರಕ್ಕೂ ಜವಾನ ಹಾಗೆಯೇ ತಿರುವುತ್ತಿದ್ದ. ಅದು ಎಂಟು ದಿನ ಓಡುತ್ತಿತ್ತು. ಮೋಟಾರು ಭಾರವಾದದ್ದು, ಒಂದು ದಿನವಾದರೂ ಓಡೀತು ಎಂದು ಅವನು ತೀರ್ಮಾನಿಸಿದ್ದ. ಈ ಬರಹ ಬರೆದವನೂ ಅವನೇ ಆಗಿರುವುದರಿಂದ ಅವನ ಜಾಣತನದ ಬಗ್ಗೆ ಇಲ್ಲಿ ಬಂದದ್ದನ್ನೆಲ್ಲ ನಂಬಬಹುದು.

ನಂಬಿದ್ದು ಅವನೊಬ್ಬನೇ ಆಗಿದ್ದರೆ ನಷ್ಟವಿರಲಿಲ್ಲ. ೧೯೩೮ರ ಪುಷ್ಯದಲ್ಲಿ ವಾಡಿ ಜಂಕ್ಷನ್ನಿನ ಖಾನಾವಳಿಯಲ್ಲಿ ಹದಿನೈದು ಜನ ಉಣ್ಣುತ್ತಿರುವಾಗ ಅವನು ಅದನ್ನು ಬಾಯಿಬಿಟ್ಟು ಹೇಳಿದ. ಖಾನಾವಳಿಯ ಸೂಗಮ್ಮ ರೊಟ್ಟಿ ಬಡಿಯುತ್ತಲೇ, ಮೋಟಾರು ಸಾಕುವುದಕ್ಕೆ ಏನು ಖರ್ಚು ಬರುತ್ತದೆ ಎಂದು ಕೇಳಿದ್ದಳು. ಅವನು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ, ಮ್ಯಾಟ್ರಿಕ್‌ವರೆಗೆ ಓದಿದವನು, ಮೇಲಾಗಿ ಜಂಗಮ. ಗೊತ್ತಿಲ್ಲ ಎನ್ನುವುದು ಹೇಗೆ? ಖರ್ಚೇ ಇಲ್ಲ, ಬೆಳಿಗ್ಗೆ ಇಪ್ಪತ್ತು ಸುತ್ತು ಕೀಲಿ ಕೊಟ್ಟರೆ ಚಿಂಚೋಳಿ, ಅಲ್ಲಿ ಇಪ್ಪತ್ತು ಸುತ್ತು ಕೊಟ್ಟರೆ ತಿರುಗಿ ವಾಡಿ ಎಂದ. ಮೂಲೆಯಲ್ಲಿ ಉಣ್ಣುತ್ತಿದ್ದ ಟಾಂಗಾದ ಜಿಲಾನಿಗೆ ಪುಂಡಿಪಲ್ಯ ನೆತ್ತಿಗೇರಿತು. ಸೂಗಮ್ಮ ನಗಲಿಲ್ಲ. ರೊಟ್ಟಿ ಮಗುಚಿ ಹಾಕಿ ಕೇಳಿದಳು.

"ಹಂಗಾದ್ರ ಶಹಾಬಾದಿನ ಗುತ್ತೇದಾರರ ಆಳು ಪೆಟ್ರೋಲಿನ ಡಬ್ಬಿ ಹೊತ್ಕೊಂಡು ಅಡ್ಡಾಡ್ತಾನಲ್ರಿ ಅಯ್ಯನೋರೆ, ಅದು ಎದಕ್ಕ?"

"ಅದು ದೀಪಕ್ಕ," ಎಂದ ಮಡಿವಾಳಯ್ಯ.

ಆ ದಿನದಿಂದ ಪಾರ್ಸೆಲ್ ಆಫೀಸಿಗೆ ಬಂದ ಹಮಾಲರೂ ಅವನನ್ನು ನೋಡಿ ಗಾಳಿಯಲ್ಲಿ ಕೈ ತಿರುವತೊಡಗಿದರು.

ಸೂಗಮ್ಮ ನಗದೆ ಇದ್ದದ್ದಕ್ಕೆ ಕಾರಣವಿತ್ತು. ಅವಳ ಒಬ್ಬಳೇ ಮಗಳು ಮಾದೇವಿಯನ್ನು ಚಿಂಚೋಳಿಗೆ ಕೊಟ್ಟಿದ್ದರು. ಮಾದೇವಿಗೆ ಆಗ ಆರನೆಯ ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದದ್ದು ಪದ್ಧತಿ. ಆದರೆ ಚಿಂಚೋಳಿಗೆ ರೈಲಿಲ್ಲ. ವಾಡಿಯಿಂದ ಸೇಡಂವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮುಂದೆ ಬಂಡಿ ಕಟ್ಟಿಸಿಕೊಂಡು, ನಡುವೆ ಒಂದು ರಾತ್ರಿ ಯಾರದಾದರೂ ಪಡಸಾಲೆಯಲ್ಲಿ ಕಳೆದು ಮುಟ್ಟಬೇಕು. ಹೋಗಿ ಬರಲು ನಾಲ್ಕು ದಿನ. ದೀಪಾವಳಿಯ ಮರುವಾರ ಅವಳು ಹಾಗೆಯೇ ಹೋಗಿ ಮಗಳನ್ನು ಕಳಿಸಿರೆಂದು ಕೇಳಿದಾಗ ಬೀಗ ಚಂದ್ರಾಮಪ್ಪ ಕಟ್ಟೆಯ ಮೇಲೆ ಕೂತು, ಬಸುರಿಯನ್ನು ಎರಡು ದಿನ ಬಂಡಿಯಲ್ಲಿ ಕುಲುಕಿಸಿಕೊಂಡು ಒಯ್ಯುವುದಕ್ಕೆ ತಾನು ಒಪ್ಪುವವನಲ್ಲ ಎಂದಿದ್ದ. ಹೊಟ್ಟೆಯಲ್ಲಿರುವ ನೀರು ಅಲುಗದ ಹಾಗೆ ಒಂದೇ ದಿನದಲ್ಲಿ ಒಯ್ಯುವುದಾದರೆ ಯಾವತ್ತು ಬೇಕಾದರೂ ಒಯ್ಯಿರಿ ಎಂದು ಹೇಳಿ, ಕೂತವರ ಕಡೆ ನೋಡಿ ಮೀಸೆಯಲ್ಲೇ ನಕ್ಕಿದ್ದ. ಆಗದ ಮಾತೆಂದು ಅವನಿಗೆ ಗೊತ್ತಿತ್ತು. ಸೂಗಮ್ಮ ಎದ್ದು ಸೆರಗು ಹೊದ್ದು, "ಮಾತು ನೆನಪಿರಲಿ ಬೀಗರೆ," ಎಂದಷ್ಟೇ ಹೇಳಿ ಬಂದಿದ್ದಳು.

ಐನಾಪುರದ ಒಕ್ಕಲುತನದ ಮನೆಯ ಮಗಳು ಅವಳು. ಗಂಡ ಅಮೃತಪ್ಪ ರೈಲು ಹಳಿಯ ಕೂಲಿಯಾಗಿದ್ದವನು. ಕಾಲಿನ ಮೇಲೆ ಹಳಿ ಬಿದ್ದು ಕುಂಟನಾದ ಮೇಲೆ ಮನೆಯಲ್ಲಿ ಕೂತ. ಅಕ್ಕಪಕ್ಕದವರು ಪಾಪ ಎಂದರು, ಜೋಳ ತಂದುಕೊಡಲಿಲ್ಲ. ಸೂಗಮ್ಮ ರೊಟ್ಟಿ ಬಡಿದು ಎಂಜಿನ್ನಿಗೆ ಕಲ್ಲಿದ್ದಲು ಹಾಕುವವರಿಗೆ ಮಾರಿದಳು. ಆಮೇಲೆ ಗಾರ್ಡುಗಳು ಬಂದರು, ಗುಮಾಸ್ತರು ಬಂದರು, ಮನೆಯೇ ಖಾನಾವಳಿಯಾಯಿತು. ದಾಸೋಹ ಮಾಡಬೇಕಾದ ಮಂದಿ ಅನ್ನ ಮಾರುವುದೇ ಎಂದು ಸೇಡಂನ ನಂಟರು ಅವಳ ಮನೆಯ ನೀರು ಬಿಟ್ಟರು. ಅವಳು ಅವರ ಮನೆಯ ನೀರು ಕುಡಿಯುವುದನ್ನು ಬಿಟ್ಟಳೇ ಹೊರತು ಒಲೆ ಆರಿಸಲಿಲ್ಲ.

ಖಾನಾವಳಿಗೆ ಹೊಸ ಜೋಳ ಬಂದರೆ ಅವಳು ಮಾರುವವನ ಮಾತು ಕೇಳುತ್ತಿರಲಿಲ್ಲ. ಎರಡು ಚೀಲದಿಂದ ಒಂದೊಂದು ಸೇರು ಬೀಸಿಸಿ, ಒಂದೇ ಒಲೆಯ ಮೇಲೆ ತಾನೇ ಬಡಿದು, ಯಾವುದರಲ್ಲಿ ಹೆಚ್ಚು ರೊಟ್ಟಿ ಎದ್ದವು, ಯಾವುದು ಮಡಚಿದರೆ ಮುರಿಯಿತು ಎಂದು ನೋಡಿ ಚೀಲ ಆರಿಸುತ್ತಿದ್ದಳು. ಮಗಳನ್ನು ಕರೆತರಲು ಕೊಳ್ಳಬೇಕೆಂದಿದ್ದ ಮೋಟಾರಿಗೂ ಅದೇ ನ್ಯಾಯ ಎಂದು ಅವಳು ಹೇಳಿದಾಗ ಜಿಲಾನಿ ಕೂಡ ನಕ್ಕ. ಅವನು ಟಾಂಗಾ ಮಾರಿ ಎರಡು ವರ್ಷದಿಂದ ಬೇರೆಯವರ ಮೋಟಾರು ಹೊಡೆಯುತ್ತಿದ್ದವನು. ಊರಿಗೆಲ್ಲ ಇನ್ನೂ ಟಾಂಗಾದ ಜಿಲಾನಿಯೇ. ಮೋಟಾರು ಆರಿಸುವುದು ಅವನ ಕೆಲಸವೆಂದು ಅವನು ತಿಳಿದಿದ್ದ. ಮಡಿವಾಳಯ್ಯ ತನ್ನದೆಂದು ತಿಳಿದಿದ್ದ.

ಮಾರಲಿಕ್ಕೆ ಇದ್ದವು ಎರಡು. ಒಂದು, ಶಹಾಬಾದಿನ ಫರ್ಸಿ ಕಲ್ಲಿನ ಗುತ್ತೇದಾರರದು: ದೊಡ್ಡದು, ಮುಚ್ಚಿದ್ದು, ಕಿಟಕಿಗೆ ಪರದೆ, ಒಳಗೆ ಹೂ ಇಡಲು ಬೆಳ್ಳಿಯ ಬಣ್ಣದ ಕೊಳವೆ. ಗುತ್ತೇದಾರರು ಹೊಸದು ತರಿಸಿದ್ದರು. ಇನ್ನೊಂದು, ವಾಡಿಯಲ್ಲೇ ಗೋಲಿ ಸೋಡಾ ಮಾಡುವ ಅಬ್ದುಲ್ ಕರೀಮನದು: ಸಣ್ಣದು, ಮೇಲೆ ಮಡಚುವ ಟಪ್ಪು, ಬಣ್ಣ ಹೋದ ಕಡೆ ಬೇರೆ ಬಣ್ಣ. ಅದರಲ್ಲಿ ಅವನು ಚಿತ್ತಾಪುರದವರೆಗೆ ಸೋಡಾ ಸೀಸೆ ಸಾಗಿಸುತ್ತಿದ್ದ.

ಮಡಿವಾಳಯ್ಯನ ಮನಸ್ಸು ಮೊದಲ ನೋಟಕ್ಕೇ ಬೆಳ್ಳಿ ಕೊಳವೆಗೆ ಸೋತಿತು. ಅವನ ಒಂದು ವರ್ಷದ ಪಗಾರಕ್ಕೆ ಆ ಮೋಟಾರಿನ ಬಾಗಿಲ ಹಿಡಿಕೆ ಬಂದರೆ ಹೆಚ್ಚು. ಆದರೂ ಅದರಿಂದ ತಾನು ಮುಧೋಳದಲ್ಲಿ ಇಳಿಯುವುದನ್ನೂ, ಓಣಿಯವರು ಎದ್ದು ನಿಲ್ಲುವುದನ್ನೂ ಅವನು ಎರಡು ರಾತ್ರಿ ಕನಸು ಕಂಡ. ಬೀಗರ ಮುಂದೆ ಮಾನ ಉಳಿಯಬೇಕಾದರೆ ಅದೇ ಸರಿ ಎಂದು ಸೂಗಮ್ಮನಿಗೆ ಮಾನದ ವಿಷಯದಲ್ಲಿ ಉಪದೇಶ ಮಾಡಿದ. ಅವಳು ಹೂಂ ಎಂದು ಕೇಳಿಸಿಕೊಂಡು, ನೀರು ಕುಡಿಯುವ ಹಿತ್ತಾಳೆಯ ಒಂದು ಹಳೆಯ ಚರಗಿ ತಂದು ಇಟ್ಟಳು. ಎರಡೂ ಮೋಟಾರಿಗೆ ಅದರಿಂದ ಒಂದೊಂದು ಚರಗಿ ಪೆಟ್ರೋಲು. ಅದೇ ಚಿತ್ತಾಪುರದ ದಾರಿ, ಅದೇ ಮಂದಿ: ಅವಳು, ಗಂಡ, ಅತ್ತೆ ಭಾಗಮ್ಮ, ಅಯ್ಯನೋರು. ಮಗಳ ಬದಲಿಗೆ ಅವಳ ತೊಡೆಯ ಮೇಲೆ ಕಂಠಮಟ ಮಜ್ಜಿಗೆ ತುಂಬಿದ ಒಂದು ಗಡಿಗೆ. ಎರಡನ್ನೂ ಹೊಡೆಯುವವನು ಜಿಲಾನಿ.

ಮೊದಲ ದಿನ ದೊಡ್ಡದು. ಟ್ಯಾಂಕಿನಲ್ಲಿದ್ದದ್ದನ್ನೆಲ್ಲ ಬಸಿದು ಒಂದು ಚರಗಿ ಹೊಯ್ದಾಗ ಗುತ್ತೇದಾರರ ಆಳಿಗೆ ಅವಮಾನವಾಯಿತು. ಮೋಟಾರು ಮಾತ್ರ ಎಣ್ಣೆ ಸುರಿದ ಹಾಗೆ ಹೋಯಿತು. ಮಜ್ಜಿಗೆ ಅಲುಗಲಿಲ್ಲ. ಪರದೆಯ ಹಿಂದೆ ಎಲ್ಲರೂ ಕೈಕಟ್ಟಿ, ನೆಟ್ಟಗೆ ಮುಂದೆ ನೋಡುತ್ತ, ಮಾತಿಲ್ಲದೆ ಕೂತಿದ್ದರು. ಎರಡನೆಯ ಮೈಲಿಯ ಹೊತ್ತಿಗೆ ಎಪ್ಪತ್ತು ದಾಟಿದ ಭಾಗಮ್ಮ ಸೊಸೆಯ ಕಿವಿಯ ಹತ್ತಿರ ಬಾಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಯಾರು ಸತ್ತಾರವ್ವ?" ಎಂದು ಕೇಳಿದಳು. ನಾಲ್ಕನೆಯ ಮೈಲಿಗಲ್ಲಿಗೆ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಇಂಥದ್ದಕ್ಕೆ ಚರಗಿಯಲ್ಲಿ ಕುಡಿಸಬಾರದು, ಕೊಡದಲ್ಲಿ ಕುಡಿಸಬೇಕು ಎಂದು ಡಬ್ಬಿ ಕಟ್ಟಿಕೊಂಡು ಸೈಕಲ್ಲಿನ ಮೇಲೆ ಹಿಂದೆ ಬಂದ ಆಳು ಹೇಳಿದ. ಖಾನಾವಳಿಯ ಒಲೆಯೂ ಹಾಗೆಯೇ ಕೇಳುತ್ತದೆ, ಕೇಳಿದ್ದನ್ನೆಲ್ಲ ಕೊಟ್ಟವರು ಉಳಿದಿಲ್ಲ ಎಂದು ಸೂಗಮ್ಮ ಸಮಾಧಾನವಾಗಿ ಉತ್ತರ ಕೊಟ್ಟಳು.

ಮರುದಿನ ಸಣ್ಣದು. ಟಪ್ಪು ಹಿಂದಕ್ಕೆ ಮಡಚಿ ಹೊರಟರು. ಊರು ದಾಟಿದ್ದೇ ಭಾಗಮ್ಮನ ಸೆರಗು ಗಾಳಿಗೆ ಹಾರಿತು. ಅವಳು ಅದನ್ನು ಬಾಯಲ್ಲಿ ಕಚ್ಚಿಕೊಂಡು, ದಾರಿಯಲ್ಲಿ ಹಿಂದೆ ಬಿದ್ದ ಒಂದೊಂದು ಬಂಡಿಯವನನ್ನೂ ಹೆಸರು ಹಿಡಿದು ಕರೆದು, ಮನೆ ಮುಟ್ಟಿ ನಿನ್ನ ಹೆಂಡತಿಗೆ ಸುದ್ದಿ ಹೇಳಬೇಕೇನು ಎಂದು ಕೇಳತೊಡಗಿದಳು. ಮಾತೇ ಆಡದ ಅಮೃತಪ್ಪ ಕುಂಟುಗಾಲು ಹೊರಗೆ ಚಾಚಿ ಶಿಳ್ಳೆ ಹಾಕಿದ. ಗಂಡನಿಗೆ ಶಿಳ್ಳೆ ಬರುತ್ತದೆಂದು ಸೂಗಮ್ಮನಿಗೆ ಇಪ್ಪತ್ತು ವರ್ಷದಲ್ಲಿ ಗೊತ್ತಿರಲಿಲ್ಲ. ನಾಲ್ಕನೆಯ ಮೈಲಿಗಲ್ಲು ಬಂತು, ಹೋಯಿತು. ಚಿತ್ತಾಪುರ ಬಂತು, ಹೋಯಿತು. ಎಂಟನೆಯ ಮೈಲಿಯಾಚೆ ಒಂದು ಬಿಳಿಜೋಳದ ಹೊಲದ ಪಕ್ಕ ಅದು ನಿಂತಾಗ, ಒಂದೇ ಚರಗಿಗೆ ಎರಡು ಪಾಲು ದಾರಿ ಓಡಿತ್ತು.

ಆದರೆ ಸೂಗಮ್ಮ ಇಳಿಯಲಿಲ್ಲ. ಗಡಿಗೆಯ ಅರ್ಧ ಮಜ್ಜಿಗೆ ಅವಳ ಸೀರೆಯ ಮೇಲಿತ್ತು. ಅವಳು ಒದ್ದೆ ಮಡಿಲನ್ನೇ ನೋಡುತ್ತ ಕೂತಳು. ನಗುತ್ತಿದ್ದ ಭಾಗಮ್ಮ ಸೆರಗನ್ನು ತಲೆಗೆ ಎಳೆದುಕೊಂಡಳು. ಮಡಿವಾಳಯ್ಯನಿಗೆ, ದೊಡ್ಡದನ್ನೇ ಕೊಳ್ಳಿ ಎಂದು ತಾನು ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡ. ಅವನು ಆ ತಿಂಗಳಲ್ಲಿ ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಹಿಂದಿನಿಂದ ಪೆಟ್ರೋಲಿನ ಡಬ್ಬಿ ಕಟ್ಟಿಕೊಂಡು ಸೈಕಲ್ಲಿನ ಮೇಲೆ ಅಬ್ದುಲ್ ಕರೀಮ ಬಂದು ಮುಟ್ಟಿದ. ಸೂಗಮ್ಮ ಅವನಿಗೆ ಬೆಲೆ ಕೇಳಲಿಲ್ಲ.

"ಕರೀಮ್ ಭಾಯಿ, ಸೋಡಾ ಸೀಸೆ ಈ ದಾರ್ಯಾಗ ಒಡಿಯಂಗಿಲ್ಲೇನು?"

"ಹಿಂದ ಇಟ್ರ ಒಡಿತಾವ ಅಕ್ಕಾ. ಹಿಂದಿನ ಸೀಟು ಗಾಲಿ ಮ್ಯಾಲೆ ಕುಂತದ. ಹುಷಾರ್ ಮಾಲು ನಾ ಮುಂದ ನನ್ನ ಬಾಜೂಕ ಇಟ್ಕೋತೀನಿ. ಒಂದೂ ಒಡದಿಲ್ಲ."

ಸೂಗಮ್ಮ ಇಳಿದಳು. ಹೊಲದ ಬಾವಿಯಿಂದ ನೀರು ತರಿಸಿ ಗಡಿಗೆಯನ್ನು ಮತ್ತೆ ಕಂಠಮಟ ತುಂಬಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು. ಟಾಂಗಾದಲ್ಲಿ ಹೋಗುವಾಗ ಕಲ್ಲು ಕಂಡರೆ ಕುದುರೆಗೆ ಲಗಾಮು ಎಳೆಯುತ್ತಿದ್ದ ಹಾಗೆ ಇದಕ್ಕೂ ಎಳೆ ಎಂದು ಜಿಲಾನಿಗೆ ಹೇಳಿದಳು. ವಾಡಿಗೆ ಬಂದಾಗ ಗಡಿಗೆಯ ಕಂಠದ ಸುತ್ತ ಒಂದು ಬೆರಳಗಲ ಒದ್ದೆಯಿತ್ತು, ಅಷ್ಟೇ.

ಸಣ್ಣ ಗಾಡಿಯೇ ಗೊತ್ತಾಯಿತು. ಮೂಲೆಯಲ್ಲಿ ಹೂತಿಟ್ಟ ಗಂಟು ಹೊರಗೆ ಬಂತು, ಕೈಯ ಚಿನ್ನದ ಪಾಟ್ಲಿಯೂ ಇಳಿಯಿತು. ಜೊತೆಗೆ ಅವಳದೊಂದು ಕರಾರು: ವಾರಕ್ಕೆರಡು ಬೆಳಗು ಕರೀಮನ ಸೋಡಾ ಅದರಲ್ಲೇ ಹೋಗಬೇಕು, ಪೆಟ್ರೋಲು ಅವನದು, ಜಿಲಾನಿಯ ಕೂಲಿಯೂ ಅವನದು. ತನ್ನ ಹೊಟ್ಟೆ ತಾನು ಹೊರೆಯದ ಎತ್ತು ತನ್ನ ಕೊಟ್ಟಿಗೆಯಲ್ಲಿ ಬೇಡ ಎಂದಳು. ಇಷ್ಟು ಲೆಕ್ಕ ಮಾಡುವವಳು ಟಪ್ಪು ಮಡಚಿದರೆ ಗಾಳಿ ಬಡಿಯುವ ಗಾಡಿಯನ್ನೇ ಯಾಕೆ ಹಿಡಿದಳೆಂದು ಮಡಿವಾಳಯ್ಯ ಕೇಳಿದಾಗ, ಅತ್ತೆ ನಕ್ಕದ್ದನ್ನು ನೋಡಲಿಲ್ಲವೇ, ಅದಕ್ಕೆ ಪೆಟ್ರೋಲು ಹಿಡಿಯಲಿಲ್ಲವಲ್ಲ ಎಂದು ಒಲೆ ಊದತೊಡಗಿದಳು.

ಮಾಘದ ಒಂದು ಸೋಮವಾರ ನಸುಕಿನಲ್ಲಿ ಹೊರಟರು. ಖಾನಾವಳಿಯನ್ನು ಆ ಹಗಲಿಗೆ ಮಾತ್ರ ಅಮೃತಪ್ಪನ ಕೈಗೆ ಕೊಟ್ಟಳು. ರಾತ್ರಿಯ ಊಟಕ್ಕೆ ತಾನು ಇರುತ್ತೇನೆಂದು ಗಿರಾಕಿಗಳಿಗೆ ಹೇಳಿದ್ದಳು. ಓದುಬರಹ ಬೇಕಾದೀತೆಂದು ಮಡಿವಾಳಯ್ಯನನ್ನು ಕರೆದುಕೊಂಡಿದ್ದಳು. ಕೀಲಿ ಕೊಡಲಿಕ್ಕೆ ಎಂದು ಜಿಲಾನಿ ತಿದ್ದಿದ. ನಿಜಕ್ಕೂ ಹಿಡಿಕೆ ತಿರುವುವ ಕೆಲಸ ಮಡಿವಾಳಯ್ಯನ ಪಾಲಿಗೇ ಬಂತು. ಕಾಗಿಣಾ ನದಿಯಲ್ಲಿ ಮೊಣಕಾಲುದ್ದ ನೀರು. ಗಾಡಿ ನೀರಿಗಿಳಿದು ಎರಡೂ ಕಡೆ ರೆಕ್ಕೆಯ ಹಾಗೆ ಹಾರಿಸುತ್ತ ದಾಟಿದಾಗ ಹಿಂದೆ ಕೂತಿದ್ದ ಭಾಗಮ್ಮ, ಮದುವೆಯಾಗಿ ಬಂದ ವರ್ಷ ಹೊತ್ತು ಮುಳುಗುವವರೆಗೆ ಈ ನೀರಿನಲ್ಲಿ ತನ್ನ ಬಂಡಿ ಸಿಕ್ಕಿಬಿದ್ದಿತ್ತೆಂದು ನದಿಗೆ ಬೆರಳು ತೋರಿಸಿ ಹೇಳಿದಳು. ಹಳೆಯ ಸೇಡು ತೀರಿಸಿಕೊಂಡವರ ಧ್ವನಿ ಅದು. ಹೊತ್ತು ನೆತ್ತಿಗೆ ಬರುವ ಮೊದಲೇ ಚಿಂಚೋಳಿಯ ಬೀಗರ ಅಂಗಳದಲ್ಲಿ ಗಾಡಿ ನಿಂತಿತ್ತು.

ಚಂದ್ರಾಮಪ್ಪ ಕಟ್ಟೆ ಇಳಿದು ಬಂದ. ಗಾಡಿಯನ್ನು ಒಂದು ಸುತ್ತು ಹಾಕಿದ, ಸೀಟು ಒತ್ತಿ ನೋಡಿದ, ಮುಂದಿನ ಸೀಟಿನಲ್ಲಿ ಹತ್ತಿಯ ಗಾದಿ ಹಾಸಿದ್ದನ್ನು ನೋಡಿದ. ಸೂಗಮ್ಮ ಅಲ್ಲಿಟ್ಟಿದ್ದ ಮಜ್ಜಿಗೆಯ ಗಡಿಗೆ ತೋರಿಸಿದಳು. ವಾಡಿಯಿಂದ ಬಂದ ಮಜ್ಜಿಗೆ ಕಂಠದ ಹತ್ತಿರವೇ ಇತ್ತು. ಓಣಿಯ ಹತ್ತು ಹಿರಿಯರು ಸೇರಿದ್ದರು. ಕೊಟ್ಟ ಮಾತು ಅವರ ಮುಂದೆಯೇ ಕೊಟ್ಟದ್ದು, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಊಟವಾಯಿತು. ಮಾದೇವಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೊರಗೆ ಕರೆತಂದರು. ಚಿಕ್ಕಂದಿನಲ್ಲಿ ತನ್ನನ್ನು ಟಾಂಗಾದಲ್ಲಿ ಎತ್ತಿ ಆಡಿಸಿದ್ದ ಜಿಲಾನಿ ಮಾಮಾ ಮೋಟಾರಿನ ಚಕ್ರ ಹಿಡಿದು ಕೂತಿರುವುದನ್ನು ಕಂಡು ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. ಮಡಿವಾಳಯ್ಯ ಹಿಡಿಕೆ ಹಿಡಿದು ಮುಂದೆ ನಿಂತ. ಈ ಗಾಡಿಯಲ್ಲಿ ತನ್ನದೊಂದು ಮೊಳೆಯೂ ಇಲ್ಲದಿದ್ದರೂ ಅವನ ಎದೆ ಎರಡು ಗೇಣು ಉಬ್ಬಿತ್ತು.

ಆಗ ಚಂದ್ರಾಮಪ್ಪ ಗಂಟಲು ಸರಿ ಮಾಡಿಕೊಂಡ.

"ಎಲ್ಲಾ ಖರೆ ಬೀಗತಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅನ್ನ ಮಾರೋದು ನಮ್ಮ ಮಂದ್ಯಾಗ ಇಲ್ಲ. ಈ ಅಯ್ಯನೋರಿಗೂ ನೀವು ರೊಕ್ಕ ತಗೊಂಡೇ ಉಣ್ಣಾಕ ಹಾಕ್ತೀರಂತ. ಅಂಥಾ ರೊಕ್ಕದ ಗಾಡಿ ತಗೊಂಡು ಬೀಗರ ಬಾಗಲಿಗೆ ಬರಾಕ ನಾಚಿಕಿ ಆಗಲಿಲ್ಲೇನು?"

ಎಲ್ಲರೂ ಮಡಿವಾಳಯ್ಯನ ಕಡೆ ನೋಡಿದರು. ತಿಂಗಳ ಒಂದನೆಯ ತಾರೀಖಿಗೆ ಅವಳ ಕೈಗೆ ರೊಕ್ಕ ಇಡುವ ಜಂಗಮ, ಹಿಡಿಕೆಯನ್ನು ಬಲಗೈಯಿಂದ ಎಡಗೈಗೆ ಬದಲಿಸಿ ನೆಲ ನೋಡಿದ. ಸೂಗಮ್ಮ ಗಾದಿಯ ಮೇಲಿನ ಧೂಳು ಕೊಡವಿ, ಮಗಳ ರಟ್ಟೆ ಹಿಡಿದು ಬೀಗನ ಕಡೆ ತಿರುಗಿದಳು.

"ಇಲ್ರಿ. ಮಾರೀನಿ, ತಗೊಂಡೀನಿ, ಬಂದೀನಿ. ಮಾದೇವಿ, ಮುಂದ ಕುಂದರು."