ನೌಕೆಯ ಸರಕುಪಟ್ಟಿಯಲ್ಲಿ ಕಾಣದ ಹನ್ನೊಂದು ದಿನ

ಇತಿಹಾಸ ಸಂಶೋಧನೆಯಿಂದ ನಿವೃತ್ತನಾದ ಮೇಲೆ ನಾನು ಮಾಡಿದ ಅತ್ಯಂತ ನಿಷ್ಫಲ ಕೆಲಸವೆಂದರೆ, ಒಂದು ಕಾಲ್ಪನಿಕ ಬಾಹ್ಯಾಕಾಶ ನೌಕೆಯ ಸರಕಿಗೆ ನಿಯಮಾವಳಿ ಬರೆದದ್ದು. ಭಾನುವಾರ ಮಧ್ಯಾಹ್ನ ವಾಡಿಯ ನಮ್ಮ ಮನೆಯಲ್ಲಿ ನಾಲ್ವರು ದಾಳ, ಕಾಗದ, ಪೆನ್ಸಿಲ್ ಹಿಡಿದು, ಬಾಯಲ್ಲೇ ಕಥೆ ಕಟ್ಟುತ್ತ ಆಡುವ ಆಟಕ್ಕೆ ಕೂರುತ್ತೇವೆ. ಸೇಡಂನ ಗಣಿತದ ಉಪನ್ಯಾಸಕಿ ಕಥೆ ನಡೆಸುತ್ತಾರೆ. ಉಳಿದ ಮೂವರು ಅದರೊಳಗಿನ ಪಾತ್ರಗಳು. ಶಹಾಬಾದಿನ ಕಲ್ಲಿನ ವ್ಯಾಪಾರಿ ನೌಕೆಯ ನಾಯಕ, ಚಿಂಚೋಳಿ ಕಡೆಯ ನರ್ಸ್ ಅದರ ವೈದ್ಯೆ. ಉಗ್ರಾಣದ ಹೊಣೆ ನನ್ನದು.

ನೌಕೆ ಎಷ್ಟು ಹೊರುತ್ತದೆ ಎಂದಷ್ಟೇ ಹೇಳಿ ಆಟದ ಪುಸ್ತಕ ಕೈತೊಳೆದುಕೊಂಡಿದೆ. ಯಾವುದು ಎಲ್ಲಿ, ಯಾವುದರ ಮೇಲೆ ಯಾವುದು, ಎಷ್ಟು ದಿನ ಕೆಡದೆ ಉಳಿದೀತು ಎಂಬ ಬಗ್ಗೆ ಮೌನ. ಆ ಕೊರತೆ ತುಂಬಲು ಏಳು ನಿಯಮ ರಚಿಸಿದೆ. ಮೊದಲನೆಯದು: ಏರಿಸಿದ ಪ್ರತಿ ವಸ್ತುವಿನ ಸ್ಥಳ, ದಿನಾಂಕ ದಾಖಲಾಗಬೇಕು, ದಾಖಲಾಗದ್ದು ನಡೆದೇ ಇಲ್ಲವೆಂದು ಲೆಕ್ಕ. ಮೂವರೂ ಒಪ್ಪಿದರು. ಚಹಾ ಆರುವ ಮುನ್ನವೇ ಮುರಿದರು.

“ಚಾಚಾ, ಈ ಗಾಜಿನ ಹಲಗಿ ಎಲ್ಲಿಡ್ತೀರಿ?” ಉಪನ್ಯಾಸಕಿ ವ್ಯಾಪಾರಿಯನ್ನು ಕೇಳಿದರು.

“ಹಿಡೀತದ ಬಿಡ್ರಿ,” ಎಂದರು ವ್ಯಾಪಾರಿ. “ಪ್ಯಾಸೆಂಜರ್ ಗಾಡ್ಯಾಗ ಎಲ್ಲಾ ಹಿಡೀತದ, ಹಡಗದಾಗ ಹಿಡೀದಿಲ್ಲೇನು?”

“ಪಟ್ಟಿ ಪ್ರಕಾರ ಜಾಗಾ ಇಲ್ಲ,” ಎಂದೆ.

“ಪಟ್ಟಿ ಒಳಗ ಇಲ್ಲ ಸರ್, ಹಡಗದಾಗ ಅದ. ಮಲಗಿಸಿದ್ರ ಒಡೀತದ, ಫರ್ಸಿ ಕಲ್ಲಿನ ಹಂಗ ನಿಂದರಸಬೇಕು. ಲಾರಿ ತುಂಬೋದು ನನಗ ಕಲಸಬ್ಯಾಡ್ರಿ.”

ನಿಲ್ಲಿಸುವ ವಿಷಯದಲ್ಲಿ ಅವರು ಹೇಳಿದ್ದು ಸರಿ; ನಾಲ್ಕನೆಯ ನಿಯಮವನ್ನು ಹಾಗೆಯೇ ತಿದ್ದಿದೆ. ಆದರೆ ಅವರು ನಿಲ್ಲಿಸಿದ್ದು ಶೀತಲ ಕೋಣೆಯ ಬಾಗಿಲಿಗೆ ಅಡ್ಡವಾಗಿ. ಅದನ್ನು ಅಲ್ಲಿಂದ ತೆಗೆಸಲು ನನಗೆ ಮೂರು ಭಾನುವಾರ ಹಿಡಿಯಿತು.

ಇದರ ಪರಿಣಾಮ ಗೊತ್ತಾದದ್ದು ಕಳೆದ ವಾರ. ಜ್ವರ ಹಬ್ಬಿದ ವಸಾಹತೊಂದಕ್ಕೆ ನೌಕೆ ತಲುಪಿತ್ತು. ಅಲ್ಲಿಗೆ ಔಷಧಿ ಮುಟ್ಟಿಸಬೇಕೆಂದೇ ನರ್ಸ್ ನಾಲ್ಕು ತಿಂಗಳಿನಿಂದ ಆಡುತ್ತಿದ್ದರು. ಸೇಡಂವರೆಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಬರುತ್ತಿದ್ದುದೂ ಅದಕ್ಕೇ. ಇಳಿಸುವ ಮುನ್ನ ದಿನಾಂಕಗಳನ್ನು ತಾಳೆ ನೋಡಿದೆ. ಔಷಧಿ ನೌಕೆ ಏರಿದ್ದು ಯಾನದ ಇಪ್ಪತ್ತನೆಯ ದಿನ, ಶೀತಲ ಕೋಣೆ ಸೇರಿದ್ದು ಮೂವತ್ತೊಂದನೆಯ ದಿನ. ನಡುವಿನ ಹನ್ನೊಂದು ದಿನ ಹೊರಗೇ ಇತ್ತು. ಐದನೆಯ ನಿಯಮದಂತೆ ಮೂರು ದಿನಕ್ಕೇ ಕೆಡಬೇಕು.

“ಔಷಧಿ ಕೆಟ್ಟಾವ,” ಎಂದೆ.

“ಹೆಂಗ ಕೆಡ್ತಾವ್ರಿ ಸರ್?” ನರ್ಸ್ ಎದ್ದೇ ನಿಂತರು. “ಐಸಿನ ಡಬ್ಬ್ಯಾಗ ಇಟ್ಟೀನಿ, ದಿನಾ ಬರ್ಫ್ ಬದಲ್ ಮಾಡೀನಿ. ತಾಂಡಾಕ್ಕ ಲಸಿಕಿ ಒಯ್ಯೋದು ನನ್ನ ನೌಕರಿನೇ ಅದ.”

“ಎಲ್ಲಿ ಬರದೀರಿ?”

“ಅದೇನ್ ಬರಿಯೋ ಮಾತೇನ್ರಿ?”

“ಬರೀಲಿಲ್ಲಂದ್ರ ಕೆಡ್ತಾವಂದ್ರ, ನಮ್ಮ ಮನಿ ಉಪ್ಪಿನಕಾಯಿ ಎಲ್ಲಾ ಕೆಟ್ಟಿರಬೇಕು ಸರ್!” ಎಂದರು ವ್ಯಾಪಾರಿ.

“ಬಾಗಲಾ ಮುಚ್ಚಿದವ್ರು ನೀವು, ಸುಮ್ಮಕ ಕುಂದರ್ರಿ,” ಎಂದೆ.

ನರ್ಸ್ ತಮ್ಮ ಪಾತ್ರದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದರು. “ಮುಂದಿನ ಐತಾರ ನಾ ಬರಂಗಿಲ್ರಿ ಮೇಡಂ.”

ಒಂದು ಆಕರ ಮೌನವಾಗಿದೆಯೆಂದು ಇನ್ನೊಂದನ್ನು ನೋಡದೆ ತೀರ್ಮಾನಿಸುವುದು ನನಗೆ ಒಗ್ಗದ ವಿಧಾನ. ಉಪನ್ಯಾಸಕಿ ತಮಗಾಗಿ ಇಟ್ಟುಕೊಂಡಿದ್ದ ದಿನದಿನದ ಲೆಕ್ಕದ ಹಾಳೆಗಳನ್ನು ಕೇಳಿ ಪಡೆದೆ. ಇಪ್ಪತ್ತರಿಂದ ಮೂವತ್ತನೆಯ ದಿನದವರೆಗೆ ನೌಕೆಯ ನೀರು ದಿನಕ್ಕೆ ಎರಡು ಕೊಡ ಹೆಚ್ಚು ಖರ್ಚಾಗಿತ್ತು. ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

“ಇದ್ಯಾಕ?”

“ಸಿಸ್ಟರ್ ಕೇಳ್ತಿದ್ರು, ಕೊಡ್ತಿದ್ದೆ,” ಎಂದರು ಉಪನ್ಯಾಸಕಿ. “ಯಾಕಂತ ಕೇಳಿಲ್ಲ.”

“ಬರ್ಫಿಗ್ರಿ! ಅಡಗಿ ಕೋಣ್ಯಾಗಿನ ಸಣ್ಣ ಫ್ರಿಜ್ಜಿನಾಗ ಔಷಧಿ ಹಿಡೀದಿಲ್ಲ, ನೀರಿಟ್ಟು ಬರ್ಫ್ ಮಾಡ್ತಿದ್ದೆ,” ಎಂದರು ನರ್ಸ್. “ಮತ್ತೇನ್ ಜಳಕಕ್ಕೇನು?”

ಸ್ವತಂತ್ರ ಆಕರವೇ ಸಾಕ್ಷಿ ನುಡಿದ ಮೇಲೆ ವಾದಕ್ಕೆ ಆಸ್ಪದವಿಲ್ಲ. ಔಷಧಿ ಕೆಟ್ಟಿಲ್ಲವೆಂದು ಒಪ್ಪಿದೆ. ಕ್ಷಮೆ ಕೇಳಲು ಸಮಯವನ್ನೂ ಕೊಡದೆ ನರ್ಸ್ ಹಾಳೆ ಹೊರತೆಗೆದು, ಮೊದಲು ವಸಾಹತಿನ ಮಕ್ಕಳನ್ನು ಕರೆಯಿರೆಂದು ಉಪನ್ಯಾಸಕಿಗೆ ಹೇಳಿದರು. ಹಿಂದಿನ ದಿನಾಂಕ ಹಾಕಿ ಬರೆಯುವುದನ್ನು ಜೀವಮಾನವಿಡೀ ಖಂಡಿಸಿದ ನಾನು ಹನ್ನೊಂದು ದಿನಗಳ ಬರ್ಫನ್ನು ಒಂದೊಂದು ಸಾಲಾಗಿ ದಾಖಲಿಸಿದೆ. ಪ್ರತಿ ಸಾಲಿನ ಮುಂದೆ ‘ಅನಂತರ ಸೇರಿಸಿದ್ದು’ ಎಂದು ಗುರುತು ಹಾಕುವಷ್ಟರಲ್ಲಿ ನರ್ಸ್ ಅರ್ಧ ವಸಾಹತಿಗೆ ಔಷಧಿ ಕೊಟ್ಟು ಮುಗಿಸಿದ್ದರು.