ಗಾದೆಮ್ಮ ಮಗಳನ್ನು ಗದ್ದೆಗಿಳಿಸಿದ್ದು

ಸಿರುಗುಪ್ಪ ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನನ್ನದು. ಕಾಲೇಜು ಸೇರುವ ಹಂಗಾಮು ಬಂತೆಂದರೆ ತಲೆ ಕೆಡುತ್ತದೆ. ಅಪ್ಪಂದಿರು ಕುರ್ಚಿ ಎಳೆದು ಕೂತು, "ನಮ್ಮ ಹುಡುಗಿಗೆ ಇದನ್ನ ಹಾಕ್ರಿ, ಅದನ್ನ ಹಾಕ್ರಿ" ಎನ್ನುತ್ತಾರೆ. ಹುಡುಗಿಯನ್ನು ಕೇಳುವವರೇ ಇಲ್ಲ! ಇಂಥವರ ನಡುವೆ ನಮ್ಮ ತಾಲೂಕಿನ ಕರೂರಿನ ಗಾದೆಮ್ಮನನ್ನು ಕಂಡದ್ದು ನನ್ನ ಪುಣ್ಯ.

ಗಾದೆಮ್ಮ ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿನ ಮುಂದಾಳು. ಕಾಲುವೆ ಪಕ್ಕ ಸ್ವಂತದ್ದೂ ಒಂದೆಕರೆ ಇದೆ. ಗಂಡ ತೀರಿದ ಮೇಲೆ ಮಗಳು ಕಾವೇರಿಯನ್ನು ಒಬ್ಬಳೇ ಓದಿಸಿದಳು. ಒಂದೇ ಹಟ, ಮಗಳ ಕಾಲಿಗೆ ಕೆಸರು ತಾಗಬಾರದು. ಬುತ್ತಿ ಕೊಡುವ ನೆಪದಲ್ಲಿ ಹುಡುಗಿ ಬದುವಿನವರೆಗೆ ಬಂದರೂ, "ನಡಿಲೇ ಮನಿಗೆ, ಪುಸ್ತಕ ಹಿಡಿ" ಎಂದು ಅಟ್ಟುತ್ತಿದ್ದಳು.

ಅಂಥ ಕಾವೇರಿ ಪಿಯುಸಿ ಮುಗಿಸಿ ಬಂದು, "ಬಿ.ಎಸ್ಸಿ. ಕೃಷಿ ಹಾಕ್ರಿ ಮೀನಾಕ್ಷಕ್ಕ" ಅಂದುಬಿಟ್ಟಳು.

ಗಾದೆಮ್ಮ ಉರಿದುಬಿದ್ದಳು. "ಏನಲೇ? ಕೆಸರಿಂದ ದೂರ ಇಟ್ಟು ಸಾಕೀನಿ, ಮತ್ತ ಕೆಸರಿಗೇ ಹೋಗಾಕ ಕಾಲೇಜ್ ಬೇಕೇನು ನಿನಗ?"

"ಬೆಳಿಗೆ ರೋಗ ಯಾಕ ಬರ್ತೈತಿ ಅಂತ ಕಲೀಬೇಕವ್ವ. ಬ್ಯಾರೆ ಯಾವುದೂ ಒಲ್ಲೆ."

ಗಾದೆಮ್ಮ ಸೆರಗಿನ ಗಂಟು ಬಿಚ್ಚಿ ಅರ್ಜಿಯ ದುಡ್ಡು ಮೇಜಿನ ಮೇಲಿಟ್ಟಳು. ಆಮೇಲೆ, "ಓದಾಕಿ ಅಕಿ, ನಾನಲ್ಲ. ಹಾಕ್ರಿ ಅಕ್ಕ" ಅಂದಳು.

ಆಗ ನಾನು ಕಹಿ ಮಾತು ಹೇಳಬೇಕಾಯಿತು. ಕಾವೇರಿಯ ಅಂಕಕ್ಕೆ ರೈತರ ಮಕ್ಕಳ ಕೋಟಾದಲ್ಲಿ ಮಾತ್ರ ಸೀಟು ಸಿಕ್ಕೀತು. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ. ಬೀಜ, ಸಸಿ, ಕಳೆ, ಸಲಕರಣೆ ಎದುರಿಗಿಟ್ಟು ಗುರುತಿಸು ಎನ್ನುತ್ತಾರೆ. ಉಳಿದದ್ದು ಎಂಟೇ ದಿನ. ಈ ಹುಡುಗಿಗೋ ಭತ್ತ ಯಾವುದು, ಹುಲ್ಲು ಯಾವುದು ತಿಳಿಯದು! ಅವ್ವ ಅಷ್ಟು ಜೋಪಾನ ಮಾಡಿದ್ದಳು.

"ಅಯ್ಯ, ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ!" ಎಂದು ಗಾದೆಮ್ಮ ಹಣೆ ಬಡಿದುಕೊಂಡಳು. ಮರುದಿನ ಬೆಳಿಗ್ಗೆ ಮಗಳನ್ನು ತಾನೇ ಕೈಹಿಡಿದು ಗದ್ದೆಗಿಳಿಸಿದಳು.

ತಡೆಯಲಾರದೆ ನಾನೂ ಒಂದು ದಿನ ಹೋಗಿ ನೋಡಿದೆ. ಗಾದೆಮ್ಮ ನೋಡಲು ಒಂದೇ ಥರವಿದ್ದ ಎರಡು ಸಸಿ ಕಿತ್ತು ಹಿಡಿದಿದ್ದಳು. "ಎಲಿ ಸಂದಿ ಬಿಡಿಸಿ ನೋಡು. ಸಣ್ಣ ನಾಲಿಗಿ ಐತಲ್ಲ, ಅದು ಭತ್ತ. ನಾಲಿಗಿ ಇಲ್ಲದ್ದು ಊದ, ಬರೇ ಕಳಿ." ಕಾವೇರಿ ತಪ್ಪು ಹೇಳಿದರೆ ಬೈಗುಳ, ಸರಿ ಹೇಳಿದರೆ ಇನ್ನೊಂದು ಪ್ರಶ್ನೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು! ಡಿಗ್ರಿ ಮಾಡಿದ ನಾನೂ ಒಂದು ಸಸಿ ಕಿತ್ತು ಎಲೆ ಸಂದಿ ಬಿಡಿಸಿ ನೋಡಿದೆ.

ಸೀಟಿನ ಪಟ್ಟಿ ಬಂದ ದಿನ ಇಬ್ಬರೂ ನನ್ನ ಅಂಗಡಿಯಲ್ಲೇ ಇದ್ದರು. ಸಿಕ್ಕಿತ್ತು! ನಾನು ಚಪ್ಪಾಳೆ ಹೊಡೆದುಬಿಟ್ಟೆ. ಕಾವೇರಿ ಅವ್ವನ ಕಡೆ ತಿರುಗಿದಳು. "ಪರೀಕ್ಷೆಯಾಗ ಸರ್ ಕೇಳಿದ್ರವ್ವ, ಇಷ್ಟು ಚಂದ ಯಾರು ಕಲಿಸಿದ್ರು ಅಂತ. ನಮ್ಮವ್ವ ಅಂದೆ."

ಗಾದೆಮ್ಮ ನಗುತ್ತಾಳೆಂದುಕೊಂಡೆ. ಅವಳು ಕಣ್ಣು ತುಂಬಿಕೊಂಡು ಮಗಳ ಕೈ ಹಿಡಿದಳು.

"ಇಷ್ಟು ವರ್ಷ ನಿನಗ ಸುಳ್ಳು ಕಲಿಸೀನಿ ಕಾವೇರಿ. ನನ್ನ ಕೆಲಸ ಕೀಳು ಅಂತ."